ತಪ್ಪಿಲ್ಲದೆ ನುಡಿಸಿದ ವರ್ಷಗಳು

ಅಪ್ಪನ ಎದೆ ಕೆಡದೇ ಇದ್ದಿದ್ದರೆ ನಾನು ಸ್ಯಾಕ್ಸೋಫೋನ್ ಮುಟ್ಟುತ್ತಿರಲಿಲ್ಲ. ಅದು ಅವನ ವಾದ್ಯ. ವಾರಕ್ಕೆ ಆರು ದಿನ ಅವನು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನೂಲಿನ ಗಿರಣಿಯೊಂದಕ್ಕೆ ಹೋಗುತ್ತಿದ್ದ. ಮುಹೂರ್ತದ ದಿನಗಳಲ್ಲಿ ಪಾಳಿ ಬದಲಾಯಿಸಿಕೊಂಡು ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದ. ನಮ್ಮ ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ನಾನು ಒಬ್ಬಳೇ ಮಗಳು.

ನನ್ನ ಕೈಗೆ ಮೊದಲು ಬಂದದ್ದು ಕೊಳಲು. ಹೈಸ್ಕೂಲಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಪ್ರಾರ್ಥನೆಯ ಹೊತ್ತಿಗೆ ಕೊಳಲು ಊದುತ್ತಿದ್ದರು. ಕಲಿಯಬೇಕೆಂದು ಅವರ ಹತ್ತಿರ ಹೋದವರಲ್ಲಿ ಕೊನೆಯವರೆಗೆ ಉಳಿದವಳು ನಾನೊಬ್ಬಳೇ. ಅವರು ಎರಡು ವರ್ಷ ಹೇಳಿಕೊಟ್ಟು ವರ್ಗವಾಗಿ ಹೋದರು. ಆಮೇಲೆ ನಾನು ಅಪ್ಪ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಸಿನಿಮಾ ಹಾಡುಗಳನ್ನು ಕೇಳಿಕೊಂಡು ಅವನ್ನೇ ಕೊಳಲಿನಲ್ಲಿ ಹುಡುಕುತ್ತಿದ್ದೆ. ಅಪ್ಪ ಎಲ್ಲಿ ತಪ್ಪಿತು ಎಂದು ಹೇಳುತ್ತಿದ್ದ. ಸ್ಯಾಕ್ಸೋಫೋನ್ ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ. ಹೆಣ್ಣುಮಕ್ಕಳ ಎದೆಗೆ ಅದು ಭಾರ ಎನ್ನುತ್ತಿದ್ದ.

ನಾನು ಪಿಯುಸಿ ಓದುತ್ತಿದ್ದಾಗ ಅವನಿಗೆ ಕೆಮ್ಮು ಶುರುವಾಯಿತು. ಒಂದು ಮಳೆಗಾಲದ ಕೆಮ್ಮು ಅಂದುಕೊಂಡೆವು. ಅದು ಚಳಿಗಾಲಕ್ಕೂ ಇತ್ತು, ಬೇಸಗೆಗೂ ಇತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು, ಎಷ್ಟು ವರ್ಷದಿಂದ ಹತ್ತಿಯ ಧೂಳಿನಲ್ಲಿ ಇದ್ದೀಯ ಎಂದು ಕೇಳಿದರು. ಅಪ್ಪ ಹೇಳಿದ. ಗಿರಣಿ ಬಿಡಬೇಕು, ಊದುವುದಂತೂ ಕೂಡದು ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಗಿರಣಿಯ ಮಾತೇ ಎತ್ತಲಿಲ್ಲ. ಊದದೆ ಇಟ್ಟರೆ ವಾದ್ಯ ಹಾಳಾಗುತ್ತದೆ ಎಂದು ಕಡಕೊಳ ದಾಟುವವರೆಗೆ ಹೇಳುತ್ತಲೇ ಇದ್ದ.

ಮಾರನೆಯ ದಿನ ಬೆಳಿಗ್ಗೆ ಅದನ್ನು ನನ್ನ ಕೊರಳಿಗೆ ಹಾಕಿದ.

ಅವನು ಕಲಿಸಿದ ರೀತಿ ಹೀಗಿತ್ತು. ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಯಾಕೆಂದರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬಂದಾಗ ತಪ್ಪು ತನಗೇ ತಿಳಿಯುತ್ತದೆ. ಅವನು ನನ್ನ ಬೆನ್ನ ಹಿಂದೆ ಮಂಚದ ಮೇಲೆ ಕೂತು ಬೆರಳ ಗೆಣ್ಣಿನಿಂದ ಮಂಚದ ಪಟ್ಟಿಯನ್ನು ಬಡಿಯುತ್ತಾ ಎಣಿಸುತ್ತಿದ್ದ. ಒಂದೇ ಸ್ವರ, ಅಲುಗದ ಹಾಗೆ. ಮೊದಲು ಎಂಟು ಎಣಿಕೆ, ಆಮೇಲೆ ಹನ್ನೆರಡು, ಕೊನೆಗೆ ಇಪ್ಪತ್ತು. “ಸ್ವರ ಆಮ್ಯಾಕೆ ನೋಡುವ, ಮೊದ್ಲು ಉಸ್ರು ಕಲಿ ಮಗಾ” ಎನ್ನುತ್ತಿದ್ದ. ಮೂರು ತಿಂಗಳು ಹಾಡು ಎನ್ನುವಂಥದ್ದು ಏನನ್ನೂ ಊದಿಸಲಿಲ್ಲ. ಉಸಿರಿಲ್ಲದವನು ನನಗೆ ಉಸಿರನ್ನು ಹೇಳಿಕೊಡುತ್ತಿದ್ದಾನೆ ಎಂದು ಆಗ ನನಗೆ ಹೊಳೆದೂ ಇರಲಿಲ್ಲ. ಎಣಿಸುವುದು ಅವನಿಗೆ ಕಷ್ಟವಾಗುತ್ತಿದೆ ಎಂದು ಒಂದೆರಡು ಸಲ ಅನ್ನಿಸಿತ್ತು. ಬಾಯಿಂದ ಎಣಿಸುವುದನ್ನು ಬಿಟ್ಟು ಬರೀ ಬಡಿಯತೊಡಗಿದ.

ಮುಂದಿನ ವೈಶಾಖದಲ್ಲಿ ಟಿ. ನರಸೀಪುರದ ಒಂದು ಮದುವೆಗೆ ಬ್ಯಾಂಡ್ ಒಪ್ಪಿಕೊಂಡಾಗಿತ್ತು. ಬ್ಯಾಂಡಿನ ಯಜಮಾನರು ಹತ್ತಿರದ ಹದಿನಾರು ಎಂಬ ಊರಿನವರು, ಕ್ಲಾರಿಯೊನೆಟ್ ನುಡಿಸುತ್ತಿದ್ದರು, ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಅಪ್ಪನ ಜಾಗಕ್ಕೆ ಊದುವವರು ಎಲ್ಲೂ ಸಿಗದೆ ನಮ್ಮ ಮನೆಗೆ ಬಂದು ಕೂತರು. ಅಪ್ಪ ನನ್ನನ್ನು ಕರೆದು ಎರಡು ಹಾಡು ಊದಿಸಿದ. ಯಜಮಾನರು ಚಹಾ ಕುಡಿದು ಮುಗಿಸಿ, ಕೋಟು ಹೊಲಿಸೋಕೆ ಟೈಮಿಲ್ಲ, ಅಪ್ಪನದನ್ನೇ ಹಾಕಿಕೊಳ್ಳಲಿ ಎಂದರು. ಅಷ್ಟೇ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಅಪ್ಪನ ಕೆಂಪು ಕೋಟಿನ ತೋಳನ್ನು ಎರಡು ಮಡಿಕೆ ಮಡಿಸಿ ಪಿನ್ನು ಹಾಕಿದ್ದೆವು. ಸೇತುವೆಯ ಕಡೆಯಿಂದ ಗಂಡಿನ ದಿಬ್ಬಣ ಹೊರಟಾಗ ಬೀದಿಯ ಎರಡೂ ಕಡೆ, ಮನೆಗಳ ಮಾಳಿಗೆಯ ಮೇಲೆ ಜನ ನಿಂತಿದ್ದರು. ಯಾರೂ ಮದುವೆಗಂಡನ್ನು ನೋಡುತ್ತಿರಲಿಲ್ಲ. ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. ಜರಿಪೇಟದ ಹಿರಿಯರೊಬ್ಬರು ಯಜಮಾನರ ಪಕ್ಕಕ್ಕೆ ಬಂದು, ಗಂಡಸರು ಯಾರೂ ಸಿಗಲಿಲ್ಲವಾ ಎಂದು ಕೇಳಿದರು. ಯಜಮಾನರು, “ಸಿಕ್ಕೋರಲ್ಲಿ ಚೆಂದಾಗ್ ಊದೋರು ಇವ್ರೇ ಸಾ” ಎಂದು ಹೇಳಿ ಕ್ಲಾರಿಯೊನೆಟ್ಟನ್ನು ಬಾಯಿಗಿಟ್ಟರು. ನನ್ನ ಮುಂದೆ ನಡೆಯುತ್ತಿದ್ದ ಡ್ರಮ್ಮಿನ ಪಕ್ಕದಲ್ಲಿ ಒಂದು ತುಕ್ಕು ಹಿಡಿದ ಸ್ಕ್ರೂ ಇತ್ತು. ಕಲ್ಯಾಣಮಂಟಪ ಮುಟ್ಟುವವರೆಗೆ ಅದನ್ನೇ ನೋಡುತ್ತಾ ಊದಿದೆ. ಮುಖದಲ್ಲಿ ಏನೂ ಕಾಣಬಾರದು ಎಂದು ನಿರ್ಧರಿಸಿದ್ದೆ. ನಾಚಿಕೆ ಕಂಡರೆ ನಗುತ್ತಾರೆ, ಖುಷಿ ಕಂಡರೆ ಇನ್ನೂ ನಗುತ್ತಾರೆ.

ಊಟಕ್ಕೆ ಕೂತಾಗ ಯಜಮಾನರು ಹೇಳಿದರು: “ಚೆನ್ನಾಗಿ ಊದ್ದೆ ಕಣವ್ವ. ಮೊಕ ಒಂದ ಕಲ್ಲು ಮಾಡ್ಕಂಡಿದ್ದೆ.”

ಬ್ಯಾಂಡಿನಲ್ಲಿ ಮೂರು ವರ್ಷ ಊದಿದೆ. ನಂಜನಗೂಡು, ಸುತ್ತೂರು, ಬನ್ನೂರು, ಮೂಗೂರು, ನಡುವಿನ ಎಲ್ಲ ಊರುಗಳು. ಜನ ನೋಡುವುದು ನಿಲ್ಲಲಿಲ್ಲ, ನನಗೆ ಅದು ತಾಕುವುದು ನಿಂತಿತು. ನನ್ನನ್ನು ನೋಡಲು ಬರುತ್ತೇವೆಂದ ಎರಡು ಕಡೆಯವರು ಬ್ಯಾಂಡಿನ ವಿಷಯ ತಿಳಿದು ಬರಲಿಲ್ಲ. ಅವ್ವ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಕೋಟಿನ ತೋಳನ್ನು ನನ್ನ ಅಳತೆಗೆ ಕತ್ತರಿಸಿ ಹೊಲಿದಳು. ಆ ಸಂಬಂಧಗಳು ತಪ್ಪಿದ್ದಕ್ಕೆ ನನಗೆ ದುಃಖವಾಗಬೇಕಿತ್ತೋ ಏನೋ, ಆಗಲಿಲ್ಲ. ನನಗೆ ಆಗ ಇಪ್ಪತ್ತು ವರ್ಷ.

ಒಂದು ಸಲ ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಮದುವೆ ಆರತಕ್ಷತೆಗೆ ನಮ್ಮ ಬ್ಯಾಂಡನ್ನು ಕರೆದಿದ್ದರು. ಬಾಗಿಲಲ್ಲಿ ಊದಿ ಮುಗಿಸಿ ನಾವು ಹಿಂದಿನ ಅಂಗಳದಲ್ಲಿ ಕೂತಿದ್ದಾಗ ಬಿಳಿ ಷರ್ಟಿನ, ಬಿಳಿ ಗಡ್ಡದ ಒಬ್ಬರು ಬಂದರು. ಆ ಹೋಟೆಲಿನಲ್ಲಿ ಸಂಜೆ ಹೊತ್ತು ಪ್ರವಾಸಿಗರಿಗಾಗಿ ಪಿಯಾನೊ ನುಡಿಸುವವರು. ಕೋಲಾರದ ಚಿನ್ನದ ಗಣಿಯ ಕಡೆ ಹುಟ್ಟಿ, ಮುಂಬಯಿಯಲ್ಲಿ, ಹಡಗುಗಳಲ್ಲಿ ಮೂವತ್ತು ವರ್ಷ ಜಾಜ್ ನುಡಿಸಿ ಬಂದವರು ಎಂದು ಆಮೇಲೆ ತಿಳಿಯಿತು. ತಮಿಳು ಬೆರೆತ ಕನ್ನಡದಲ್ಲಿ ನನ್ನನ್ನು ಒಂದೇ ಒಂದು ಸ್ವರ ಊದು ಎಂದರು. ಊದಿದೆ. ಅವರು ಕೈಗಡಿಯಾರ ನೋಡಿಕೊಂಡರು. ಯಾರು ಕಲಿಸಿದ್ದು ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಬಾ ಎಂದರು.

ಹೋಗೆಂದು ಹೇಳಿದ್ದು ಅಪ್ಪ. ಭಾನುವಾರಗಳಲ್ಲಿ ನಂಜನಗೂಡಿನಿಂದ ಬೆಳಗಿನ ರೈಲು ಹಿಡಿದು ಹೋಗಿ, ಹೋಟೆಲಿನ ಖಾಲಿ ಹಾಲ್‌ನಲ್ಲಿ ಕಲಿತೆ. ಅವರು ಪಿಯಾನೊದಲ್ಲಿ ಒಂದು ಹಾಡನ್ನು ನುಡಿಸುವರು, ನಾನು ಅದನ್ನು ಹಾಗೇ ಊದುವೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದು ನಾನು ನಿಲ್ಲಿಸಿದರೆ ಅವರು ನಿಲ್ಲಿಸುತ್ತಿರಲಿಲ್ಲ. ಅದೇ ತಾಳ, ಅದೇ ಆಧಾರ ಸ್ವರಗಳು ಸುತ್ತು ಬರುತ್ತಲೇ ಇರುತ್ತಿದ್ದವು. ಆ ಸುತ್ತಿನ ಮೇಲೆ ನನ್ನದೇ ಏನನ್ನಾದರೂ ಊದಬೇಕು. ಏನು ಊದಲಿ ಎಂದು ಕೇಳಿದೆ. “ನೀನು ಪಾಠ ಒಪ್ಪಿಸ್ತಾ ಇದೀಯಾಮ್ಮಾ. ಒಪ್ಪಿಸ್ಬೇಡ, ಮಾತಾಡು” ಎಂದರು. ಮಾತಾಡಲು ನನ್ನಲ್ಲಿ ಏನೂ ಇರಲಿಲ್ಲ. ಅವರು ನುಡಿಸಿ ತೋರಿಸಿದ ತುಣುಕುಗಳನ್ನು ಬಾಯಿಪಾಠ ಮಾಡಿ, ಹಿಂದುಮುಂದು ಮಾಡಿ ಊದತೊಡಗಿದೆ. ಕೇಳುವವರಿಗೆ ಅದು ಮಾತಿನ ಹಾಗೇ ಕೇಳಿಸುತ್ತಿತ್ತು.

ಕೊಳಲನ್ನು ತರಿಸಿದ್ದೂ ಅವರೇ. ನಿಧಾನದ ಹಾಡುಗಳಿಗೆ ಬಿದಿರಿನ ಕೊಳಲನ್ನು ಊದಿಸಿದರು. ಅರ್ಧ ತೂತು ಮುಚ್ಚಿ ಅವರು ಕೇಳಿದ ಸ್ವರ ಹಿಡಿಯಲು ನನಗೆ ಆರು ತಿಂಗಳು ಬೇಕಾಯಿತು. ಮುಂದೆ ಲೋಹದ ಕೊಳಲೂ ಬಂತು.

ಕೇಳಲು ಅವರು ಕೊಟ್ಟ ಕ್ಯಾಸೆಟ್ಟುಗಳನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕುತ್ತಿದ್ದೆ. ಅಪ್ಪ ಮಂಚದ ಮೇಲೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಯಾವ ದೇಶದವರು, ಯಾವ ಹಾಡು ಎಂದು ಅವನು ಕೇಳಲಿಲ್ಲ. “ಇವ್ನು ಉಸ್ರು ಎಲ್ ತಗತಾನೆ, ಗೊತ್ತಾಯ್ತಾನೇ ಇಲ್ಲ” ಎನ್ನುತ್ತಿದ್ದ. ಉಸಿರು ತೆಗೆದುಕೊಂಡ ಜಾಗ ಸಿಕ್ಕಿದರೆ ಕೈ ಎತ್ತಿ ತೋರಿಸುತ್ತಿದ್ದ. ಗಿರಣಿಯ ಕೆಲಸ ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಆ ಮಧ್ಯಾಹ್ನಗಳಲ್ಲಿ ಅವನು ಸಂತೋಷವಾಗಿದ್ದ ಎಂದು ಈಗ ಅನ್ನಿಸುತ್ತದೆ. ಆಗ ನಾನು ಟೇಪು ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳುವುದರಲ್ಲಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು, ಪಿಯಾನೊದವರು, ಇನ್ನಿಬ್ಬರು ಸೇರಿ ಒಂದು ತಂಡವಾಗಿ ಬೆಂಗಳೂರಿನಲ್ಲಿ ನುಡಿಸತೊಡಗಿದೆವು. ಅಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದೆ. ತಿಂಗಳಿಗೊಮ್ಮೆ ನಂಜನಗೂಡಿಗೆ ಬರುತ್ತಿದ್ದೆ. ಕೆಲವರು ಬಂದು ಕೇಳಿದರು, ಕೆಲವರು ಮತ್ತೆ ಮತ್ತೆ ಬಂದರು. ಒಂದು ಕಂಪನಿ ನಮ್ಮದೊಂದು ಸಿ.ಡಿ. ಮಾಡುತ್ತೇವೆ ಎಂದಿತು. ರೆಕಾರ್ಡಿಂಗಿಗೆ ಎರಡು ವಾರ ಇರುವಾಗ ನಾನು ಅಭ್ಯಾಸಕ್ಕೆಂದು ಮನೆಗೆ ಬಂದೆ.

ಆ ಹೊತ್ತಿಗೆ ಅಪ್ಪ ಮಂಚ ಬಿಟ್ಟು ಏಳುತ್ತಿರಲಿಲ್ಲ. ಮಾತು ಎರಡು ಮೂರು ಪದಕ್ಕೆ ನಿಂತಿತ್ತು. ಆದರೂ ಬೆಳಿಗ್ಗೆ ನಾನು ಸ್ಯಾಕ್ಸೋಫೋನ್ ಜೋಡಿಸಿಕೊಂಡರೆ ಗೋಡೆಯ ಕಡೆ ಕೈ ತೋರಿಸುತ್ತಿದ್ದ. ನಾನು ಗೋಡೆಗೆ ಮುಖ ಮಾಡಿ ನಿಂತು ಉದ್ದ ಸ್ವರಗಳನ್ನು ಊದುವುದು, ಅವನು ಹಿಂದಿನಿಂದ ಮಂಚದ ಪಟ್ಟಿ ಬಡಿಯುವುದು. ಬಂದ ನಾಲ್ಕನೆಯ ದಿನವೂ ಹಾಗೇ ಶುರುವಾಯಿತು. ಹತ್ತು ಗಂಟೆಯಿರಬಹುದು. ಕಿಟಕಿಯಿಂದ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಅವ್ವ ಅಡುಗೆಮನೆಯಲ್ಲಿದ್ದಳು.

ಒಂದು ಸ್ವರದ ಮಧ್ಯೆ, ಹನ್ನೊಂದನೆಯ ಎಣಿಕೆಯಾದ ಮೇಲೆ, ಬಡಿತ ನಿಂತಿತು.

ನನಗೆ ಕೇಳಿಸಿತು. ನಿಂತದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ನಾನೇ ಮನಸ್ಸಿನಲ್ಲಿ ಎಣಿಸಿಕೊಂಡು ಇಪ್ಪತ್ತರವರೆಗೆ ಆ ಸ್ವರವನ್ನು ಊದಿದೆ. ಉಸಿರು ತೆಗೆದುಕೊಂಡು ಇನ್ನೊಂದು ಸ್ವರ ಊದಿದೆ. ಅದಾದ ಮೇಲೆ ಇನ್ನೂ ಎರಡು. ಒಟ್ಟು ನಾಲ್ಕು ಸ್ವರಗಳನ್ನು, ಒಂದೂ ಅಲುಗದ ಹಾಗೆ, ಗೋಡೆ ನೋಡುತ್ತಾ ಊದಿದೆ. ಆಮೇಲೆ ಮೌತ್‌ಪೀಸ್ ಬಿಚ್ಚಿ ಒರೆಸಿದೆ, ರೀಡನ್ನು ಅದರ ಡಬ್ಬಿಗೆ ಹಾಕಿದೆ, ಪೆಟ್ಟಿಗೆಯ ಕೊಂಡಿ ಹಾಕಿದೆ. ಹಿಂದಿರುಗಿ ನೋಡಿದೆ. ಅಪ್ಪನ ಕೈ ಪಟ್ಟಿಯಿಂದ ಕೆಳಗೆ ಜಾರಿತ್ತು. ಅಷ್ಟು ಹೊತ್ತಿಗೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು.

ಸಂಜೆಯ ಹೊತ್ತಿಗೆ ಹದಿನಾರಿನಿಂದ ಬ್ಯಾಂಡಿನವರೆಲ್ಲ ಬಂದರು. ನಮ್ಮವರಲ್ಲಿ ಬ್ಯಾಂಡಿನವನು ಹೋದರೆ ಬ್ಯಾಂಡೇ ಮುಂದೆ ನಡೆಯಬೇಕು. ಯಜಮಾನರು ನನ್ನನ್ನು ಕೇಳಲು ಹಿಂಜರಿದರು. ನಾನೇ ಪೆಟ್ಟಿಗೆ ತಂದು ಬಿಚ್ಚಿದೆ. ಹೊಳೆಯ ದಂಡೆಯಲ್ಲಿ ಮಣ್ಣು ಮಾಡುವ ಜಾಗದವರೆಗೂ ಅಪ್ಪನಿಗೆ ಇಷ್ಟವಾಗಿದ್ದ ಹಾಡುಗಳನ್ನು ಊದಿದೆ. ಯಾವುದೂ ತಪ್ಪಲಿಲ್ಲ. ಎಂಥ ಗಟ್ಟಿ ಎದೆಯಪ್ಪಾ ಈ ಹುಡುಗಿಗೆ ಎಂದು ಹೆಂಗಸರು ಮಾತಾಡಿಕೊಂಡರು. ಅಳು ಬರಲಿ ಎಂದು ಕಾದೆ, ಹನ್ನೊಂದು ದಿನವೂ ಕಾದೆ. ಬಂದವರಿಗೆ ಚಾಪೆ ಹಾಸಿದೆ, ಲೋಟ ತೊಳೆದೆ. ಹನ್ನೆರಡನೆಯ ದಿನ ಬೆಂಗಳೂರಿಗೆ ಹೋಗಿ ಸಿ.ಡಿ.ಗೆ ನುಡಿಸಿದೆ.

ಆ ಸಿ.ಡಿ.ಯನ್ನು ಜನ ಮೆಚ್ಚಿದರು. ಪತ್ರಿಕೆಯೊಂದರಲ್ಲಿ ನನ್ನ ನುಡಿಸಾಣಿಕೆಯಲ್ಲಿ ಅಪರೂಪದ ಸಂಯಮವಿದೆ, ಭಾವವನ್ನು ಚೆಲ್ಲದೆ ಹಿಡಿದಿಡುವ ಶಿಸ್ತಿದೆ ಎಂದು ಬರೆದಿದ್ದರು. ಪಿಯಾನೊದವರು ಅದನ್ನು ಜೋರಾಗಿ ಓದಿ ಹೇಳಿದರು. ಯಾವುದೋ ಬೇರೆಯವರ ಬಗ್ಗೆ ಕೇಳಿದ ಹಾಗೆ ಕೇಳಿದೆ. ಹಿಡಿದಿಡಲು ನನ್ನಲ್ಲಿ ಏನಿದೆ ಎಂದು ಹುಡುಕಿದೆ. ಏನೂ ಕೈಗೆ ಸಿಗಲಿಲ್ಲ. ಆದರೆ ಆ ಬರಹದಿಂದಾಗಿ, ಆ ಸಿ.ಡಿ.ಯಿಂದಾಗಿ, ನನಗೆ ಎಲ್ಲ ಕಡೆಯಿಂದ ಕರೆ ಬಂತು. ಮುಂಬಯಿ, ದೆಹಲಿ, ಗೋವಾ. ನನ್ನ ಫೋಟೊ ಪೋಸ್ಟರಿನ ಮೇಲೆ ಬಂತು, ಒಂದು ಕೈಯಲ್ಲಿ ಸ್ಯಾಕ್ಸೋಫೋನ್, ಇನ್ನೊಂದರಲ್ಲಿ ಕೊಳಲು. ವೃತ್ತಿಯ ಲೆಕ್ಕದಲ್ಲಿ ಅವೇ ನನ್ನ ಒಳ್ಳೆಯ ವರ್ಷಗಳು. ಬೆಳಿಗ್ಗೆ ಎದ್ದು ಎರಡು ಗಂಟೆ ಅಭ್ಯಾಸ, ತಿಂಡಿ, ಬಟ್ಟೆ ಇಸ್ತ್ರಿ, ಸಂಜೆ ವೇದಿಕೆ. ಚಪ್ಪಾಳೆ ಹೊಡೆಯುತ್ತಿದ್ದರು. ತಲೆ ಬಾಗಿಸುತ್ತಿದ್ದೆ. ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕೆಂದೂ ಅನ್ನಿಸುತ್ತಿರಲಿಲ್ಲ.

ಎರಡು ವಾರ ಯುರೋಪಿಗೂ ಹೋದೆವು. ಒಂದು ಚಿಕ್ಕ ಊರಿನಲ್ಲಿ ಹಳೆಯ ಚರ್ಚಿನೊಳಗೆ ಕಾರ್ಯಕ್ರಮ. ಮಧ್ಯಾಹ್ನದ ಹೊತ್ತು, ಹೊರಗೆ ಹಿಮ ಬಿದ್ದಿತ್ತು. ನಾನು ಕೊಳಲಿನಲ್ಲಿ ಒಂದು ನಿಧಾನದ ಹಾಡು ನುಡಿಸಿದೆ. ಮುಗಿದ ಮೇಲೆ ಒಬ್ಬ ಮುದುಕಿ ವೇದಿಕೆಯ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವಳ ಭಾಷೆ ನನಗೆ ಬರುತ್ತಿರಲಿಲ್ಲ. ಅವಳ ಮುಖ ಕೆಂಪಾಗಿ, ಮೂಗಿನಿಂದ ನೀರು ಸುರಿಯುತ್ತಿತ್ತು. ನನ್ನ ಕೈಯಿಂದ ಹೋದದ್ದು ಅವಳನ್ನು ಹೀಗೆ ಮಾಡಿದೆ ಎಂದು ನಂಬಲಾಗಲಿಲ್ಲ. ನಾನು ಅವಳ ಬೆರಳ ಉಂಗುರ ನೋಡುತ್ತಾ ನಿಂತಿದ್ದೆ.

ಪಿಯಾನೊದವರು ಅದನ್ನು ನೋಡಿದರು. ಮರುದಿನ ರೈಲಿನಲ್ಲಿ ಎದುರು ಕೂತಿದ್ದಾಗ ಹೇಳಿದರು: “ನಿಮ್ಮಪ್ಪ ಹೋದ್ಮೇಲೆ ನೀನು ಒಂದ್ಸಲಾನೂ ತಪ್ಪು ನುಡಿಸಿಲ್ಲ. ನಾಲ್ಕು ವರ್ಷ ಆಯ್ತು. ನಂಗೆ ಭಯ ಆಗುತ್ತೆ.”

ಹೊಗಳಿಕೆಯೆಂದು ಮೊದಲು ತಿಳಿದೆ. ಅವರು ಹಾಗೆ ಹೇಳುತ್ತಿಲ್ಲವೆಂದು ಆಮೇಲೆ ತಿಳಿಯಿತು. ಆಗ ಅವರಿಗೆ ಆ ನಾಲ್ಕು ಸ್ವರಗಳ ವಿಷಯ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹವಾಮಾನ ವರದಿ ಓದಿದ ಹಾಗೆ ಹೇಳಿ ಮುಗಿಸಿದೆ. ಅವರು ಕಿಟಕಿಯ ಹೊರಗೆ ನೋಡಿದರು. ತಿರುಗಿ ಮನೆಗೆ ಹೋದ ಮೇಲೆ ಮೂರು ತಿಂಗಳು ನುಡಿಸಬೇಡ, ತಾಯಿಯ ಹತ್ತಿರ ಹೋಗಿ ಇರು, ಒಪ್ಪಿಕೊಂಡ ಕಾರ್ಯಕ್ರಮಗಳನ್ನು ತಾನು ನೋಡಿಕೊಳ್ಳುತ್ತೇನೆ ಎಂದರು. ನಾನು ಹೂಂ ಎಂದೆ. ಬೇಡ ಎನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ.

ಅವ್ವ ಅಷ್ಟರಲ್ಲಿ ನಂಜನಗೂಡಿನ ಮನೆ ಬಿಟ್ಟು ಟಿ. ನರಸೀಪುರಕ್ಕೆ ಬಂದಿದ್ದಳು. ಅಲ್ಲಿ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸ ಹಿಡಿದು, ಪಕ್ಕದ ಬೀದಿಯಲ್ಲೇ ಬಾಡಿಗೆಗೆ ಇದ್ದಳು. ಎಂಬತ್ತು ಹುಡುಗಿಯರಿಗೆ ಎರಡು ಹೊತ್ತು ಬೇಯಿಸುವ ಕೆಲಸ. ಮೊದಲಿಗಿಂತ ಗಟ್ಟಿಯಾಗಿದ್ದಳು, ಗೆಳತಿಯರೂ ಇದ್ದರು. ನಾನು ಬಂದು ಮೂರು ತಿಂಗಳು ಇರುತ್ತೇನೆ ಎಂದಾಗ ಯಾಕೆ ಎಂದು ಕೇಳಲಿಲ್ಲ. ನನ್ನ ಪೆಟ್ಟಿಗೆಗಳನ್ನು ಅಟ್ಟದ ಮೇಲಿಟ್ಟಳು. ನಾನು ಬೆಳಿಗ್ಗೆ ಹಾಸ್ಟೆಲ್ಲಿಗೆ ಹೋಗಿ ತರಕಾರಿ ಹೆಚ್ಚುತ್ತಿದ್ದೆ. ಮಧ್ಯಾಹ್ನ ಸಂಗಮದ ಕಡೆ ಮರಳಿನ ಮೇಲೆ ನಡೆದುಕೊಂಡು ಹೋಗಿ ವಾಪಸ್ ಬರುತ್ತಿದ್ದೆ. ಅದೇ ದಿನಚರಿ.

ಅವರೆಕಾಯಿಯ ಕಾಲ ಬಂತು. ಒಂದು ಭಾನುವಾರ ಹಾಸ್ಟೆಲ್ಲಿಗೆ ರಜೆ. ಹಿತಕಿದವರೆ ಮಾಡೋಣವೆಂದು ನಾವಿಬ್ಬರೂ ಜಗುಲಿಯಲ್ಲಿ ನೆನೆಸಿದ ಕಾಳಿನ ಪಾತ್ರೆ ಮಧ್ಯೆ ಇಟ್ಟುಕೊಂಡು ಹಿತಕುತ್ತಾ ಕೂತಿದ್ದೆವು. ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಮಾತಿನ ಮಧ್ಯೆ, ಅಪ್ಪ ಹೋದ ದಿನ ಬಡಿತ ನಿಂತದ್ದು ನನಗೆ ಗೊತ್ತಾಗಿತ್ತು ಅವ್ವ, ಆದರೂ ನಾಲ್ಕು ಸ್ವರ ಊದಿದೆ, ತಿರುಗಿ ನೋಡಲಿಲ್ಲ, ಬೇಗ ನೋಡಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದೆ.

ಅವ್ವ ಹಿತಕುವುದನ್ನು ನಿಲ್ಲಿಸಲಿಲ್ಲ. “ಗೊತ್ತು” ಎಂದಳು.

ಏನು ಗೊತ್ತು ಎಂದು ಕೇಳಿದೆ.

“ಬಡಿಯದು ನಿಂತಿದ್ದು ನಂಗೂ ಕೇಳುಸ್ತು. ಅನ್ನ ಬಸೀತಿದ್ದೆ. ಪೂರ್ತಿ ಬಸ್ದ್ ಮ್ಯಾಲೇ ಎದ್ದಿದ್ದು” ಎಂದಳು. ಎರಡು ಕಾಳು ಹಿತಕಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ ಮತ್ತೆ ಹೇಳಿದಳು: “ಎದ್ ಬಂದ್ ನೋಡುದ್ರೆ ಆಗೋಗದೆ ಅಂತ ಆಯ್ತದಲ್ಲ. ನೀನು ಊದ್ತಾ ಇದ್ದೆ. ಊದ್ಲಿ, ಅಲ್ಲೀಗಂಟ ಅವ್ರು ಇದ್ದಂಗೇ ಅಂತ ನಾನೂ ಸುಮ್ಕಿದ್ದೆ.”

ನಾನು ಅವಳನ್ನು ನೋಡಿದೆ. ಅವಳು ಪಾತ್ರೆ ನೋಡುತ್ತಿದ್ದಳು. ಎಷ್ಟು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳೋ ನಾನೂ ಅಷ್ಟೇ ವರ್ಷ ಇಟ್ಟುಕೊಂಡಿದ್ದೆ, ಫೋನಿನಲ್ಲಿ ವಾರಕ್ಕೊಮ್ಮೆ ಊಟ ಆಯಿತಾ ಎಂದು ಕೇಳಿಕೊಂಡು. ಈಗಲಾದರೂ ಅಳು ಬರುತ್ತದೆ ಅಂದುಕೊಂಡೆ. ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ. ಪಾತ್ರೆಯಲ್ಲಿ ಇನ್ನೂ ಅರ್ಧ ಕಾಳಿತ್ತು. ಹಿತಕಿ ಮುಗಿಸಿ ಸಾರು ಮಾಡಿದೆವು. ಆ ದಿನ ನಾನು ಊಟವಾದ ಮೇಲೆ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಅಷ್ಟು ನಿದ್ದೆ ಮಾಡಿ ಬಹಳ ಕಾಲವಾಗಿತ್ತು.

ಮೂರು ತಿಂಗಳು ಮುಗಿಯುವ ಮೊದಲು ಬ್ಯಾಂಡಿನ ಯಜಮಾನರು ಹುಡುಕಿಕೊಂಡು ಬಂದರು. ಹದಿನಾರಿನಲ್ಲಿ ಅವರ ಮೊಮ್ಮಗಳ ಮದುವೆ. ಬ್ಯಾಂಡು ಚದುರಿ ಹೋಗಿತ್ತು. ಎಲ್ಲ ಕಡೆ ಡಿಜೆ ಸೆಟ್ಟುಗಳು ಬಂದು, ಹುಡುಗರು ಬೇರೆ ಬೇರೆ ಕೆಲಸ ಹಿಡಿದಿದ್ದರು. ಮೊಮ್ಮಗಳ ಮದುವೆಗೂ ಡಿಜೆಯೇ ಅಂತೆ. ಆದರೆ ಚಪ್ಪರದ ದಿನ ಬೆಳಿಗ್ಗೆ ಮನೆಯ ಮುಂದೆ ತಾವು ಎರಡು ಹಾಡು ನುಡಿಸಬೇಕು, ಜೊತೆಗೆ ನಾನು ಇರಬೇಕು ಎಂದರು.

ಹೋದೆ. ಅವರಿಗೆ ಎಪ್ಪತ್ತು ದಾಟಿತ್ತು, ಮುಂದಿನ ಹಲ್ಲು ಎರಡು ಹೋಗಿದ್ದವು. ಕ್ಲಾರಿಯೊನೆಟ್ಟಿಗೆ ಮುಂದಿನ ಹಲ್ಲು ಬೇಕು. ಮೊದಲ ಸಾಲಿನಲ್ಲೇ ಅವರ ಸ್ವರ ಇಳಿಯಿತು. ನಾನು ಸರಿಯಾದ ಸ್ವರದಲ್ಲಿ ನಿಂತರೆ ಅವರ ತಪ್ಪು ಎದ್ದು ಕಾಣುತ್ತದೆ. ಆದ್ದರಿಂದ ನಾನೂ ತುಟಿ ಸಡಿಲಿಸಿ ಅವರ ಹತ್ತಿರಕ್ಕೆ ಇಳಿದೆ. ಅವರು ಗಾಬರಿಯಾಗಿ ಮೇಲಕ್ಕೆ ಹೋದರು. ನಾನು ಹಿಂದೆ ಹೋದೆ. ಎರಡನೆಯ ಚರಣದಲ್ಲಿ ಅವರು ಒಂದು ಸಾಲು ಹಾರಿಸಿ ಮುಂದೆ ಹೋದರು, ನಾನು ಹಳೆಯ ಸಾಲಿನಲ್ಲೇ ಉಳಿದೆ. ಚಪ್ಪರಕ್ಕೆ ಗರಿ ಹೊದಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಯಜಮಾನರು ಕ್ಲಾರಿಯೊನೆಟ್ ಕೆಳಗಿಳಿಸಿ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. “ಎಲ್ಗವ್ವ ವೋದೆ ನೀನು, ನಾ ಎಲ್ ವೋದೆ” ಎಂದರು. ನನ್ನ ಬಾಯಿಂದಲೂ ನಗು ಬಂತು. ನನ್ನದೇ ಸದ್ದು ಕೇಳಿ ನನಗೆ ಅಪರಿಚಿತವೆನ್ನಿಸಿತು. ಮತ್ತೆ ಮೊದಲಿಂದ ನುಡಿಸಿದೆವು, ಅಷ್ಟೇ ಕೆಟ್ಟದಾಗಿ.

ಬೆಂಗಳೂರಿಗೆ ವಾಪಸ್ ಹೋದ ಮೇಲೆ ವೇದಿಕೆಯಲ್ಲಿ ತಪ್ಪತೊಡಗಿದೆ. ಬೇಕೆಂದು ಅಲ್ಲ. ಸುತ್ತಿನ ಮಧ್ಯೆ ಬಾಯಿಪಾಠದ ತುಣುಕು ಕೈಗೆ ಸಿಗದೆ ಹೋಗುವುದು, ಒಂದೆರಡು ಸ್ವರ ಎಲ್ಲೋ ಬೀಳುವುದು, ಅಲ್ಲಿಂದ ದಾರಿ ಹುಡುಕಿಕೊಂಡು ಬರುವುದು. ಪಿಯಾನೊದವರು ಆಗೆಲ್ಲ ತಲೆಯೆತ್ತಿ ನೋಡುತ್ತಿದ್ದರು, ಬೈಯಲಿಲ್ಲ. ಎರಡನೆಯ ಸಿ.ಡಿ. ಮೊದಲನೆಯದರಷ್ಟು ಓಡಲಿಲ್ಲ. ಮೊದಲಿನ ಶಿಸ್ತು ಸಡಿಲಾಗಿದೆ ಎಂದು ಬರೆದರು. ಕರೆಗಳೂ ಕಡಿಮೆಯಾದವು. ಪಿಯಾನೊದವರು ಕೈ ನಡುಗಲು ಶುರುವಾಗಿ ನುಡಿಸುವುದನ್ನು ನಿಲ್ಲಿಸಿದ ವರ್ಷ ನಮ್ಮ ತಂಡ ಮುಗಿಯಿತು. ನಾನು ಮೈಸೂರಿಗೆ ಬಂದು ನೆಲೆಸಿದೆ. ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ, ವರ್ಷಕ್ಕೆ ಏಳೆಂಟು ಕಾರ್ಯಕ್ರಮ ನುಡಿಸುತ್ತೇನೆ. ಮರಗಟ್ಟಿದ್ದು ಪೂರ್ತಿ ಬಿಟ್ಟುಹೋಗಿದೆ ಎಂದು ಹೇಳಲಾರೆ. ಕೆಲವು ವಾರ ಏನೂ ತಾಕುವುದಿಲ್ಲ. ಕೆಲವು ದಿನ ಬೆಳಿಗ್ಗೆ ಕಾಫಿಯ ವಾಸನೆಗೆ ಖುಷಿಯಾಗುತ್ತದೆ. ಎರಡನ್ನೂ ಹೋಗಲಿ ಎಂದು ಬಿಡುತ್ತೇನೆ.

ಕಳೆದ ವರ್ಷ ಅವ್ವನ ಹಾಸ್ಟೆಲ್ಲಿನ ಹುಡುಗಿಯರು ಓದುವ ಟಿ. ನರಸೀಪುರದ ಕಾಲೇಜಿಗೆ ನನ್ನನ್ನು ಕರೆದರು. ಜೊತೆಗೆ ಮೈಸೂರಿನ ಇಬ್ಬರು, ಒಬ್ಬರು ಡ್ರಮ್ಸ್, ಒಬ್ಬರು ಕೀಬೋರ್ಡ್. ಎರಡನೆಯ ಹಾಡಿಗೆ ಕರೆಂಟು ಹೋಯಿತು. ಮೈಕು, ಕೀಬೋರ್ಡ್, ಫ್ಯಾನು ಎಲ್ಲ ನಿಂತವು. ಹಿಂದಿನ ಸಾಲಿನವರು ಎದ್ದು ಹೊರಡಲು ಶುರು ಮಾಡಿದರು. ನಾನು ವೇದಿಕೆಯಿಂದ ಇಳಿದು ಕುರ್ಚಿಗಳ ಮಧ್ಯೆ ನಿಂತು ಕೊಳಲು ಊದಿದೆ. ಡ್ರಮ್ಸಿನವರು ಬರಿಗೈಯಲ್ಲಿ ಮೆಲ್ಲಗೆ ತಾಳ ಹಿಡಿದರು. ಹೊರಟವರಲ್ಲಿ ಅರ್ಧ ಜನ ನಿಂತರು, ಅರ್ಧ ಜನ ಹೋದರು. ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬಳು, ಇದು ಯಾವ ರಾಗ ಮಿಸ್ ಎಂದು ಕೇಳಿದಳು. ಇದಕ್ಕೆ ರಾಗ ಅಂತ ಇಲ್ಲ, ಈಗ ತಾನೇ ಹೊಳೆದದ್ದು ಎಂದೆ. ಹಾಗಾದರೆ ಇನ್ನೊಂದು ಸಲ ನುಡಿಸಲು ಬರುವುದಿಲ್ಲವಾ ಎಂದಳು. ಬರುವುದಿಲ್ಲ ಎಂದೆ. ಅವಳಿಗೆ ಅದು ನ್ಯಾಯವೆನ್ನಿಸಲಿಲ್ಲ. ಪ್ರಿನ್ಸಿಪಾಲರು ಹಾರ ಹಾಕಿದರು. ಅವ್ವ ಹಾಸ್ಟೆಲ್ಲಿನಿಂದ ಉಪ್ಪಿಟ್ಟು ಮಾಡಿ ಕಳಿಸಿದ್ದಳು, ಮೂವರೂ ನಿಂತುಕೊಂಡೇ ತಿಂದೆವು. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಲು ಕೈಜೋಡಿಸಿ, ನಾಲ್ಕೂವರೆಯ ಮೈಸೂರು ಬಸ್ಸಿಗೆ ಹೊರಟೆವು.